ಮುಕಾದಮ ಕಾಕಾನ ಚಿವಡಾ ಡಬ್ಬಿ

ನಮ್ಮ ಕೆಲಸವೇ ಅಂಟಿಸಿ ಜಗ್ಗುವುದು. ಅಂಥಲ್ಲಿ ದಿನಾ ಒಂದು ಫಜೀತಿ ಆಗದಿದ್ದರೆ ಹೇಗೆ? ನಾಗಪುರದ ಸೇತುವೆಗಳ ಜೋಡಣೆಯಲ್ಲಿ ಹಳೆ ಕಾಂಕ್ರೀಟಿನ ಮೇಲೆ ಹೊಸದು ಹಾಕುತ್ತಾರೆ. ಅದು ಗಟ್ಟಿಯಾಗಿ ಹಿಡಿದಿದೆಯೋ ಇಲ್ಲವೋ ನೋಡಲು ಉಕ್ಕಿನ ಬಿಲ್ಲೆ ಅಂಟಿಸಿ ಮಷೀನಿನಿಂದ ಜಗ್ಗುತ್ತೇವೆ. ಒಂಬತ್ತನೇ ಇಯತ್ತೆಯ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ನನ್ನನ್ನು ಈ ಪರೀಕ್ಷೆಗೆ ಸೇರಿಸಿಕೊಂಡವರು ಧಾರವಾಡ ಕಡೆಯ ಸಾಹೇಬರು. ಅವರ ಹೊಟ್ಟೆ ತಣ್ಣಗಿರಲಿ.

ಜೋಡು

ಮೊದಲ ದಿನ ಕೂಲಿಗಳನ್ನು ನೋಡಿಕೊಳ್ಳುವ ಮರಾಠಿ ಮುಕಾದಮ ಕಾಕಾ, "ಜೋಡ್ ಸಾಫ್ ಕರ್" ಎಂದು ಹೇಳಿ ಹೋದರು. ನಮ್ಮ ಮನೆಯಲ್ಲಿ ಜೋಡು ಅಂದರೆ ಕಾಲಿಗೆ ಹಾಕೋದು. ಜೀಪಿನಲ್ಲಿದ್ದ ಸಾಹೇಬರ ಬೂಟು ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಮಾಡಿದೆ. ಕಾಕಾ ಹಣೆ ಬಡಿದುಕೊಂಡರು. ಅವರು ಹೇಳಿದ್ದು ಸೇತುವೆಯ ಜೋಡಣೆ!

ಸಾಹೇಬರು ಬೂಟು ನೋಡಿ, "ತಮ್ಮಾ, ಇದು ಪಾಸ್ ಆತು. ಈಗ ಸೇತುವಿಗೂ ಪಾಲಿಶ್ ಹೊಡಿ ಹೋಗು" ಎಂದರು.

ಪೊಳ್ಳು

ಬಿಲ್ಲೆ ಅಂಟಿಸುವ ಮೊದಲು ಸುತ್ತಿಗೆಯಿಂದ ಬಡಿದು ಕೇಳಬೇಕು. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಪೊಳ್ಳು. ಕಲಿತ ಹುರುಪಿನಲ್ಲಿ ಕಾಕಾನ ಹೆಲ್ಮೆಟ್ಟಿಗೂ ಮೆಲ್ಲಗೆ ಬಡಿದೆ. "ಸಾಹೇಬ್ರ, ಇಲ್ಲಿ ಪೂರಾ ಪೊಳ್ಳೈತ್ರಿ!"

ಕಾಕಾ ನಗಲಿಲ್ಲ. "ಈ ಪೋರ ಇರಬೇಕು, ಇಲ್ಲಾ ನಾನು" ಎಂದರು. ಸಾಹೇಬರು ಬೆರಳು ತೋರಿಸಿ, "ಇನ್ನೊಂದ್ ತಂಟಿ ಮಾಡಿದಿ ಅಂದ್ರ ಇತವಾರಿ ಪ್ಯಾಟಿಗೆ ಹೋಗಿ ಕೈಗಾಡಿ ನೂಕು" ಎಂದರು.

ಹೆದರಿ ಕಿವಿ ಹಿಡಿಯಲು ಹೋದೆ. ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು. ನನ್ನ ಹೆಲ್ಮೆಟ್ಟೂ ಡಬ್ ಎಂದಿತು.

ಡಬ್ಬಿ

ಆದರೂ ಬುದ್ಧಿ ಬರಬೇಕಲ್ಲ? ಒಂದು ಸಂಜೆ ಉಳಿದ ಅಂಟಿನಿಂದ ಕಾಕಾ ಖಾರದ ಅವಲಕ್ಕಿ ತುಂಬಿಡುತ್ತಿದ್ದ ಸ್ಟೀಲಿನ ಚಿವಡಾ ಡಬ್ಬಿಯನ್ನು ಸೇತುವೆಗೇ ಅಂಟಿಸಿಬಿಟ್ಟೆ.

ಮರುದಿನವೇ ದೊಡ್ಡ ಆಫೀಸರು ಬರಬೇಕೇ! ಅವರ ಎದುರು ಬಿಲ್ಲೆ ಜಗ್ಗಿದರೆ ಪಟ್ಟನೆ ಅಂಟೇ ಕಿತ್ತು ಬಂತು. ಇನ್ನೊಂದೂ ಹಾಗೇ. ಕಾಂಕ್ರೀಟಿನ ಪರೀಕ್ಷೆ ಶುರುವಾಗುವ ಮೊದಲೇ ನನ್ನ ಅಂಟು ಫೇಲ್. "ಯೇ ಕ್ಯಾ ತಮಾಷಾ ಹೈ?" ಎಂದು ಆಫೀಸರು ಗುಡುಗಿದರು. ಸಾಹೇಬರ ಮುಖ ಹುಳ್ಳಗಾಯಿತು.

ಸಮಾಧಾನ ಮಾಡಲು ಕಾಕಾ, "ಸಾಹೇಬ್, ಥೋಡಾ ಚಿವಡಾ" ಎಂದು ಡಬ್ಬಿಗೆ ಕೈ ಹಾಕಿದರು. ಡಬ್ಬಿ ಅಲುಗಲಿಲ್ಲ. ಎರಡೂ ಕೈಯಿಂದ ಎಳೆದರು. ಡ್ರೈವರ್ ಬಂದು ಕಾಕಾನ ಸೊಂಟ ಹಿಡಿದು ಎಳೆದ. ಊಹೂಂ!

ಸಾಹೇಬರು ನನ್ನ ಕಡೆ ತಿರುಗಿದರು. "ಲೇ, ಇದನ್ನ ಹೆಂಗ ಅಂಟಿಸಿದಿ?"

ನೌಕರಿ ಹೋಯಿತೆಂದು ಗೊತ್ತಾಯಿತು. "ತಳಾ ಖರಖರ ತಿಕ್ಕಿ, ಧೂಳ ಒರಸಿ, ಅಂಟಾ ಬರೋಬರ್ ಕಲಸಿ, ಮ್ಯಾಲ ಕಲ್ಲ ಹೇರಿ ಇಟ್ಟಿದ್ನಿರಿ."

"ಮತ್ತ ಬಿಲ್ಲಿ?"

"ಅದನ್ನ... ಜಲ್ದಿ ಜಲ್ದಿ ಮಾಡಿದ್ನಿರಿ."

ಮೊದಲು ನಕ್ಕವರು ಆಫೀಸರು. "ಕಲ್ ಫಿರ್ ಸೇ ಕರೋ" ಎಂದು ನಾಳೆಗೆ ಇನ್ನೊಂದು ಅವಕಾಶ ಕೊಟ್ಟು ಹೋದರು. ಡಬ್ಬಿಗೆ ಮಾಡಿದಂತೆಯೇ ಬಿಲ್ಲೆಗೂ ಮಾಡಿದೆ. ಮರುದಿನ ಜಗ್ಗಿದಾಗ ಅದು ಹಳೆ ಕಾಂಕ್ರೀಟಿನ ತುಂಡನ್ನೇ ಕಿತ್ತು ತಂದಿತು. ಹಳೆಯದಕ್ಕೂ ಹೊಸದಕ್ಕೂ ನಡುವಿನ ಹಿಡಿತ ಮಾತ್ರ ಜಪ್ಪಯ್ಯ ಅಂದರೂ ಬಿಟ್ಟಿರಲಿಲ್ಲ. ಪಾಸ್!

ಈಗ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ತೀರ್ಪು. ಸಾಹೇಬರು ಕಾಕಾನನ್ನು ನೋಡಿದರು. ಕಾಕಾ ಸೇತುವೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಏಳದ ಡಬ್ಬಿಯಿಂದ ಚಿವಡಾ ತಿನ್ನುತ್ತಿದ್ದರು. ಅವರ ಉಪಕಾರ ನಾನು ಸಾಯೋತನಕ ಮರೆಯಲಾರೆ. ಕಾಕಾ ಬಾಯಿ ಒರಸಿಕೊಂಡು ಹೇಳಿದರು:

"ಪೋರ ಇರಲಿ ಸಾಹೇಬ್. ಆದರೆ ಬಿಲ್ಲೆಯನ್ನು ನನ್ನ ಡಬ್ಬಿ ಅಂತ ತಿಳಿದು ಅಂಟಿಸಲಿ, ನನ್ನ ಡಬ್ಬಿಯನ್ನು ಬಿಲ್ಲೆ ಅಂತ ತಿಳಿದು ಅಂಟಿಸಲಿ!"