ಮಣ್ಣು ಬೇಡ ಎಂದವನ ಪಾಲು

ಮಣ್ಣಿಲ್ಲದೆ ಬರೀ ನೀರಿನಲ್ಲೇ ತರಕಾರಿ ಬೆಳೆಯಬಹುದು ಎಂದು ಗೊತ್ತಾದ ದಿನ, ನಮ್ಮ ವಂಶದಲ್ಲಿ ಬೆನ್ನು ಬಗ್ಗಿಸಿ ಉತ್ತವರೆಲ್ಲ ನನಗೆ ದಡ್ಡರಂತೆ ಕಂಡರು. ಮಕ್ಕಳು ಸ್ಕೂಲಿಗೆ ಹೋಗುವ ಕಾಲಕ್ಕೆ ಡಿಗ್ರಿ ಮುಗಿಸಿದವನು ನಾನು. ತಡವಾಗಿ ಓದಿದವನಿಗೆ, ಓದಿದ್ದನ್ನೆಲ್ಲ ಜಾರಿಗೆ ತರುವ ಅವಸರ!

ತುಮಕೂರಿನ ನಮ್ಮ ಮನೆಯ ತಾರಸಿ ಮೇಲೆ ಪಿವಿಸಿ ಪೈಪುಗಳನ್ನು ಮಲಗಿಸಿದೆ. ತೂತು ಕೊರೆದು, ಸಸಿ ಕೂರಿಸಿ, ಗೊಬ್ಬರ ಕದಡಿದ ನೀರನ್ನು ಸಣ್ಣ ಮೋಟಾರಿನಿಂದ ಹರಿಸಿದೆ. "ಇದಕ್ಕೆ ಹೈಡ್ರೋಪೋನಿಕ್ಸ್ ಅಂತಾರೆ" ಎಂದು ಪಕ್ಕದ ಮನೆಯ ಪುಟ್ಟಮ್ಮನವರಿಗೆ ಗಂಭೀರವಾಗಿ ವಿವರಿಸಿದೆ. ಅವರು ನನ್ನ ಹೆಂಡತಿ ಗಿರಿಜಳನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, "ನಮ್ ಭಾವುಂಗೂ ಹೈಡ್ರೋಸಿಲ್ ಆಗಿತ್ತು ಕಣಮ್ಮ. ಆಪರೇಶನ್ ಮಾಡ್ಸುದ್ರು. ಈಗ ಸೈಕಲ್ ತುಳೀತಾರೆ" ಎಂದು ಧೈರ್ಯ ಹೇಳಿದರು.

ಮೆಂತ್ಯ ಸೊಪ್ಪು ಮಾತ್ರ ಸೊಗಸಾಗಿ ಬಂತು. ನೋಡಲಿ ಎಂದು ನಮ್ಮೂರು ಕಡಬದಿಂದ ಅಣ್ಣನನ್ನು ಕರೆಸಿದೆ. ಊರಿನಲ್ಲಿ ಅಪ್ಪನ ಜಮೀನು ಇನ್ನೂ ಭಾಗವಾಗಿರಲಿಲ್ಲ. ನಮ್ಮ ಪಾಲು ಬಂದರೆ ನಾಲ್ಕು ತೆಂಗಿನ ಸಸಿ ಹಾಕಬೇಕು ಎನ್ನುವುದು ಗಿರಿಜಳ ಬಹುದಿನದ ಆಸೆ.

"ಏನ್ಲಾ, ಒಂದಿಡಿ ಮಣ್ಣೇ ಇಲ್ವಲ್ಲೋ!" ಅಂದ ಅಣ್ಣ.

"ಮಣ್ಣು ಯಾವನಿಗೆ ಬೇಕಣ್ಣ ಈ ಕಾಲ್ದಲ್ಲಿ? ನಂಗೆ ನೀರಿದ್ರೆ ಸಾಕು!"

ಅಣ್ಣ ತಲೆದೂಗಿದ. ಅವನು ನನ್ನ ಮಾತಿಗೆ ತಲೆದೂಗಿದ್ದು ಅದೇ ಮೊದಲು. ನನಗೆ ಅನುಮಾನ ಬರಬೇಕಿತ್ತು. ಹೆಮ್ಮೆ ಬಂತು.

ಆಮೇಲೆ ಕರೆಂಟು ಹೋಯಿತು. ಮೋಟಾರು ನಿಂತು, ಬಿಸಿಲಿಗೆ ಗಿಡಗಳು ಬಾಡಿದವು. ಪಾಪ, ಹಸಿದಿವೆ ಎಂದು ಕರೆಂಟು ಬಂದ ತಕ್ಷಣ ನೀರಿಗೆ ಒಂದು ಬೊಗಸೆ ಯೂರಿಯಾ ಹೆಚ್ಚಿಗೆ ಹಾಕಿದೆ. ನೋಡನೋಡುತ್ತಾ ಸೊಪ್ಪೆಲ್ಲ ಬೀಡಿಯ ಬಣ್ಣಕ್ಕೆ ತಿರುಗಿತು. ಹೊಲವಾಗಿದ್ದರೆ ನಮ್ಮ ತಪ್ಪನ್ನು ಮಣ್ಣು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಪೈಪಿಗೆ ಅಂಥ ದೊಡ್ಡ ಮನಸ್ಸಿಲ್ಲ!

ಅದೇ ವಾರ ಅಣ್ಣ ಪಾಲು ಮಾಡಲು ಹಿರಿಯರನ್ನು ಸೇರಿಸಿದ. ಬರಿಗೈಯಲ್ಲಿ ಹೋದರೆ ನನ್ನ ವಿಜ್ಞಾನದ ಗತಿಯೇನು? ದಾರಿಯಲ್ಲಿ ಗುಬ್ಬಿಯಲ್ಲಿ ಇಳಿದು, ಸಂತೆಯಲ್ಲಿ ಮೆಂತ್ಯ ಸೊಪ್ಪಿನ ಕಟ್ಟುಗಳನ್ನು ಕೊಂಡೆ.

"ಬ್ಯಾಡ ರೀ" ಅಂದಳು ಗಿರಿಜ.

"ಸುಮ್ನಿರೇ, ಮರ್ಯಾದೆ ಪ್ರಶ್ನೆ."

ಜಗಲಿಯ ಮೇಲೆ ಎಲ್ಲರೂ ಕೂತ ಮೇಲೆ ಅಣ್ಣ ಶುರುಮಾಡಿದ: "ತಮ್ಮಂಗೆ ಮಣ್ಣು ಬ್ಯಾಡ್ವಂತೆ. ಅವ್ನೇ ಅಂದವ್ನೆ. ನೀರು ಸಾಕಂತೆ."

ಗಿರಿಜ ನನ್ನ ಮುಖ ನೋಡಿದಳು. ಊರಿನ ಹಿರಿಯರು ಸಿದ್ದಣ್ಣನವರು, ನೀರಲ್ಲೇ ಬೆಳೆದದ್ದು ಎಂದು ನಾನು ಮುಂದಿಟ್ಟಿದ್ದ ಸೊಪ್ಪಿನ ಕಟ್ಟು ಎತ್ತಿ ಒಮ್ಮೆ ಕೊಡವಿದರು. ಬೇರಿನಿಂದ ಅವರ ಪಂಚೆ ತುಂಬ ಮಣ್ಣು ಉದುರಿತು!

"ನೀರಲ್ಲಿ ಬೆಳ್ದಿದ್ದು ಅಂದ್ಯಲ್ಲಾ, ಮಣ್ಣೆಲ್ಲಿಂದ ಬಂತ್ಲಾ? ನಿನ್ ಬೆಳೆ ಹೋಗಿದ್ರೆ ನಿಜ ಹೇಳ್ಬುಡು. ನಿನ್ ಪಾಲು ನಿಂಗೆ ಕೊಡ್ಸಾನ."

ಸಂತೆಯದು ಅಂದಿದ್ದರೆ ಸಾಕಿತ್ತು. ಎಲ್ಲರೂ ನಗುತ್ತಿದ್ದರು, ನಕ್ಕು ಮರೆಯುತ್ತಿದ್ದರು.

"ಬಸ್ಸಿಂದ ಇಳಿಯುವಾಗ ಕೆಳಗೆ ಬಿತ್ತು" ಅಂದೆ.

"ಹಂಗಾದ್ರೆ ಸರಿ ಬುಡು" ಅಂದರು ಸಿದ್ದಣ್ಣನವರು.

ಜಮೀನು ಅಣ್ಣನಿಗೆ ಹೋಯಿತು. ಬಾಯಿಬಿಟ್ಟು ಕೇಳಿದ್ದೆನಲ್ಲ, ನನಗೆ ನೀರು ಬಂತು: ಹಳೇ ಬಾವಿಯಲ್ಲಿ ಅರ್ಧ ಪಾಲು. ಅದರಲ್ಲಿ ನೀರಿಲ್ಲ ಎನ್ನುವುದು ಬೇರೆ ವಿಷಯ. ಪತ್ರಕ್ಕೆ ಅಚ್ಚುಕಟ್ಟಾಗಿ ಸಹಿ ಹಾಕಿದೆ, ಡಿಗ್ರಿ ಸಮೇತ!

ಬೇಸಿಗೆಯಲ್ಲಿ ಅಣ್ಣನ ಫೋನು ಬಂತು. "ಬಾವಿ ಹೂಳು ತೆಗೀಬೇಕು, ಬಾರ್ಲಾ. ಅರ್ಧ ನಿಂದು."

"ನಿಮ್ಮ ಆಸ್ತಿ, ನೀವೇ ನೋಡ್ಕೊಂಡ್ ಬನ್ನಿ" ಎಂದು ಗಿರಿಜ ಮನೆಯಲ್ಲೇ ಉಳಿದಳು. ನಾನೊಬ್ಬನೇ ಹೋಗಿ ಬಾವಿಗಿಳಿದೆ. ಮಂಕರಿ ತುಂಬ ಹೂಳು ಹೊತ್ತು ಮೇಲೆ ಬಂದು, ಇನ್ನೇನು ಸುರಿಯಬೇಕು, ಅಣ್ಣ ಕೂಗಿದ:

"ಏಯ್, ಅಲ್ಲಿ ಸುರೀಬ್ಯಾಡ ಕಣೋ, ಅದು ನನ್ ಜಮೀನು! ನಿನ್ ಪಾಲಿಂದು ನಿನ್ ಜಾಗ್ದಲ್ಲಿ ಹಾಕ್ಕೋ!"

ಮಂಕರಿ ಹೊತ್ತುಕೊಂಡೇ ಸುತ್ತ ನೋಡಿದೆ. ಆ ಊರಿನಲ್ಲಿ ನನ್ನ ಜಾಗ ಅಂತ ಇದ್ದದ್ದು ಬಾವಿಯ ಒಳಗೆ ಮಾತ್ರ. ವಾಪಸ್ ಅದರೊಳಕ್ಕೇ ಸುರಿದೆ. ಅಣ್ಣನ ಅರ್ಧಕ್ಕೆ ಬೀಳದ ಹಾಗೆ, ನೋಡಿಕೊಂಡು!