ಅಲುಗಾಡಿಸಿದರೆ ಸಪ್ಪಳ ಬರಬಾರದು

ನನ್ನ ಸೋದರಮಾವನ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳಿವೆ: ಪ್ಯಾಕ್ ಆದವು, ಇನ್ನೂ ಆಗದವು. ನಾನು ಎರಡನೆಯ ಗುಂಪಿನವಳು. ಅದಕ್ಕೇ ಅವನ ಮುಂದೆ ಹೆಚ್ಚು ಹೊತ್ತು ಅಲ್ಲಾಡದೆ ಕೂರುತ್ತಿರಲಿಲ್ಲ!

ಹೊಸಪೇಟೆಯಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಅದಿರಿನ ದುಡ್ಡು ಹರಿಯುತ್ತಿದ್ದ ಕಾಲ, ಜನ ಅಂಗಿ ಬದಲಿಸಿದಂತೆ ಫೋನು ಬದಲಿಸುತ್ತಿದ್ದರು. ಸತ್ತ ಫೋನುಗಳಿಂದ ಬದುಕಿರುವ ಕ್ಯಾಮೆರಾಗಳನ್ನು ಬಿಡಿಸಿ (ಕಡಲೆಕಾಳಿನಷ್ಟು ಕಣ್ಣು, ಅದಕ್ಕೊಂದು ತೆಳ್ಳನೆಯ ಬಾಲ) ಹುಬ್ಬಳ್ಳಿಯ ವ್ಯಾಪಾರಿಗೆ ಕೊರಿಯರ್ ಮಾಡುತ್ತಿದ್ದ. ಮನೆಯಲ್ಲಿ ಇನ್ನೊಂದು ಕಣ್ಣಿನ ಚಿಂತೆಯಿತ್ತು. ಅವನ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಎಳವೆಯಲ್ಲೇ ಒಂದು ಕಣ್ಣು ಹೋಗಿತ್ತು. ಉಳಿದೊಂದಕ್ಕೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಮಾವ ಹೆದರುತ್ತಿದ್ದ. "ಈ ಕೆಂಪು ಧೂಳಿನ್ಯಾಗ ಬ್ಯಾಡ. ಮಳಿ ಬರ್ಲಿ."

ಮೊದಲ ಪಾರ್ಸಲ್‌ಗೆ ಅವನು ದೇವರ ಕೋಣೆಯ ಹೂಬತ್ತಿಗಳನ್ನೆಲ್ಲ ಬಿಚ್ಚಿ, ಆ ಅರಳೆಯಲ್ಲಿ ಕ್ಯಾಮೆರಾ ಸುತ್ತಿದ. ಹತ್ತಿಯ ಎಳೆಗಳು ಲೆನ್ಸಿಗೆ ಅಂಟಿದವು. ಹುಬ್ಬಳ್ಳಿಯಿಂದ ಫೋನು: "ಏನ್ರೀ, ನಿಮ್ಮ ಕ್ಯಾಮೆರಾದಾಗ ಹೆಣ್ಮಕ್ಕಳಿಗೂ ಬಿಳಿ ಮೀಸಿ ಬರ್ತಾವಲ್ರಿ!"

"ದೇವರಿಗೆ ಬತ್ತಿ ಇಲ್ಲ. ಹುಬ್ಬಳ್ಳಿಯವಂಗ ಆರತಿ ಮಾಡಿದ್ರೇನ್ರಿ?" ಎಂದಳು ಅತ್ತೆ.

ಅಂದಿನಿಂದ ಪ್ಯಾಕಿಂಗ್ ಮಡಿಯಲ್ಲಿ! ಸ್ನಾನ ಮಾಡಿ, ತಲೆಗೆ ವಸ್ತ್ರ ಸುತ್ತಿ, ಫ್ಯಾನು ಆರಿಸಿ ಕೂರುತ್ತಿದ್ದ. ನಾನೋ ಅತ್ತೆಯೋ ಹತ್ತಿರ ಸುಳಿದರೆ, "ದೂರ! ಮಡಿ ಅದ!" ಲೆನ್ಸಿನ ಮೇಲೆ ಟೇಪು, ಬಾಲ ಮಡಿಚಿಕೊಳ್ಳದಂತೆ ನೇರ, ಒಂದೊಂದಕ್ಕೂ ಬೇರೆ ಬೆಳ್ಳಿಬಣ್ಣದ ಚೀಲ, ಸುತ್ತ ಸ್ಪಂಜು, ಡಬ್ಬಿಯೊಳಗೆ ಡಬ್ಬಿ. ಕೊನೆಗೆ ಕಿವಿಯ ಬಳಿ ಅಲುಗಾಡಿಸಿ, "ಸಪ್ಪಳ ಬಂತಂದ್ರ ಸತ್ತಂಗ!" ಎಂದು ಮೇಲಿನಿಂದ ಬೀಳಿಸಿ ಪರೀಕ್ಷೆ. ಅಟ್ಟದಿಂದ ಎಂದು ನನ್ನ ದಿನಚರಿಯಲ್ಲಿದೆ. ನೆನಪು ಮಾಳಿಗೆಯಿಂದ ಎನ್ನುತ್ತದೆ. ನೆನಪಿಗೆ ಎತ್ತರದ ಹುಚ್ಚು, ಏನು ಮಾಡಲಿ?

ಮಳೆಗೆ ಮೊದಲೇ ಬಳ್ಳಾರಿಯ ಡಾಕ್ಟರು ಗದರಿಸಿದರು: ಇನ್ನು ತಡಮಾಡಿದರೆ ಈ ಕಣ್ಣೂ ಉಳಿಯುವುದಿಲ್ಲ. ಮಾವ ಕೇಳಿದ, "ಒಳಗ ಕೂಡ್ಸೋ ಲೆನ್ಸ್ ಹೊಸದೇನ್ರಿ, ಯಾರದರ ತೆಗದದ್ದೇನ್ರಿ?" ಡಾಕ್ಟರು ನಕ್ಕು ಪೊಟ್ಟಣ ತೋರಿಸಿದರೆ, ಅದನ್ನೂ ಕಿವಿಗೆ ಹಿಡಿದು ಅಲುಗಾಡಿಸಬೇಕೇ! ನರ್ಸ್ ಕಸಿದುಕೊಂಡರು. "ಪ್ಯಾಕಿಂಗ್ ಚಲೋ ಅದ," ಎಂದು ಮಾವ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ.

ಆಪರೇಷನ್ ಮುಗಿಸಿಕೊಂಡು ಬಳ್ಳಾರಿಯಿಂದ ಮರಳುವ ದಾರಿ ಅದಿರಿನ ಲಾರಿಗಳು ಅಗೆದಿಟ್ಟ ಗುಂಡಿಗಳ ದಾರಿ. ಬಾಡಿಗೆ ಕಾರಿನಲ್ಲಿ ಅತ್ತೆಯ ಎಡಕ್ಕೆ ದಿಂಬು, ಬಲಕ್ಕೆ ದಿಂಬು, ಕಿಟಕಿಗೆ ಒದ್ದೆ ಧೋತರ.

"ಹಣಿಮ್ಯಾಲೆ ವಿಳಾಸ ಒಂದು ಬರದುಬಿಡ್ರಿ!" ಎಂದಳು ಕಣ್ಣಿಗೆ ಕಟ್ಟು ಹಾಕಿಸಿಕೊಂಡ ಅತ್ತೆ.

ಮಾವ ನಗಲಿಲ್ಲ. ಅವಳ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದವನು ಹೊಸಪೇಟೆಯವರೆಗೂ ಕೈ ಇಳಿಸಲಿಲ್ಲ.

ಮರುದಿನ ನರ್ಸ್ ಒಬ್ಬರು ಮನೆಗೇ ಬಂದು ಕಟ್ಟು ಬಿಚ್ಚಿದರು. ಅತ್ತೆ ಮೊದಲು ನೋಡಿದ್ದು ಅವನನ್ನೇ. ಬಹಳ ಹೊತ್ತು ನೋಡಿದಳು. "ಅಯ್ಯ, ಇಷ್ಟ್ಯಾಕ ಸೊರಗೀರಿ? ಯಾವಾಗಿಂದ?"

ಮಾವ ಟೇಪಿನ ಸುರುಳಿ ಕೈಗೆತ್ತಿಕೊಂಡು ಅದರ ತುದಿ ಹುಡುಕತೊಡಗಿದ. ತಿರುಗಿಸಿದ, ಮತ್ತೆ ತಿರುಗಿಸಿದ. ತುಂಬಿದ ಕಣ್ಣಿಗೆ ಅದೆಲ್ಲಿ ಸಿಕ್ಕೀತು? ಅತ್ತೆ ಸುರುಳಿ ತೆಗೆದುಕೊಂಡು ಬೆಳಕಿಗೆ ಹಿಡಿದು, ತುದಿಯನ್ನು ಉಗುರಿನಿಂದ ಎಬ್ಬಿಸಿ ಕೊಟ್ಟಳು.