ಹಳೆಯ ಕಾರಿನ ಕಂಪ್ಯೂಟರು ಕಣ್ಣು ಮಿಟುಕಿಸುವ ಬಗ್ಗೆ

ವಾಹನ ನಿಲುಗಡೆ ಶಿಸ್ತು ವಿಭಾಗ
ವಸತಿ ಸೊಸೈಟಿ, ಡೊಂಬಿವಲಿ ಪೂರ್ವ

ಸಂಖ್ಯೆ: ವಾನಿಶಿ/ಮಿನುಗು/೭/ತಿದ್ದುಪಡಿ

ವಿಷಯ: ಶ್ರೀ ಪ್ರೇಮನಾಥರ ಹಳೆಯ ಕಾರನ್ನು ಗೇಟಿನ ಪಕ್ಕದ ಛಾವಣಿಯಡಿಯಿಂದ ತೆರವುಗೊಳಿಸುವುದು.

ಉಲ್ಲೇಖ: (ಅ) ಸದರಿ ಕಾರಿನ ವಿರುದ್ಧ ಅಧ್ಯಕ್ಷ ಶ್ರೀ ಮುರುಗೆಪ್ಪನವರ ದೂರು.
(ಆ) ಅದೇ ಜಾಗ ಕೋರಿ ಶ್ರೀ ಮುರುಗೆಪ್ಪನವರ ಅರ್ಜಿ.

೧. ಸದರಿ ಕಾರಿಗೆ ಒಂದೇ ಕಂಪ್ಯೂಟರಿದ್ದು, ಅದು ಎಂಜಿನ್ನಿನ ಪೆಟ್ರೋಲು ಮತ್ತು ಕಿಡಿಯ ಹೊರತು ಬೇರಾವ ವಿಷಯದಲ್ಲೂ ತಲೆಹಾಕುವುದಿಲ್ಲವೆಂದು ಕಂಡುಬಂದಿದೆ. ಬಾಗಿಲು ಹಾಕಿದೆಯೇ, ಬೆಲ್ಟು ಕಟ್ಟಿದೆಯೇ ಎಂದು ವಿಚಾರಿಸದ ಇಂಥ ಉದಾಸೀನ ಸೊಸೈಟಿಯ ಸಂಪ್ರದಾಯಕ್ಕೆ ಒಗ್ಗುವುದಿಲ್ಲ.

೨. ಅಧ್ಯಕ್ಷರ ಹೊಸ ಕಾರಿನಲ್ಲಾದರೋ ಹತ್ತಾರು ಕಂಪ್ಯೂಟರುಗಳಿದ್ದು, ಅವು ಪರಸ್ಪರ ಸಮಾಲೋಚಿಸಿ, ಎಲ್ಲವೂ ಒಪ್ಪಿದ ನಂತರವೇ ಕಾರು ಹೊರಡುತ್ತದೆ. ನಮ್ಮ ಸಮಿತಿಯ ಕಾರ್ಯವೈಖರಿಯೂ ಇದೇ ಆಗಿರುವುದರಿಂದ, ಛಾವಣಿ ಹೊಸ ಕಾರಿಗೇ ಸಲ್ಲತಕ್ಕದ್ದು.

೩. ಶ್ರೀ ಪ್ರೇಮನಾಥರು ಭಾನುವಾರಗಳಂದು ಹಳೆಯ ಕಾರಿನ ಕಂಪ್ಯೂಟರಿನ ಎರಡು ಪಿನ್ನುಗಳಿಗೆ ತಂತಿ ಸಿಕ್ಕಿಸಿ, ಅದು ಎಂಜಿನ್ ದೀಪವನ್ನು ಎಷ್ಟು ಸಲ ಮಿನುಗಿಸಿತೆಂದು ಎಣಿಸಿ ಕಾರಿನ ದೋಷ ಪತ್ತೆಹಚ್ಚುತ್ತಾರೆ. ಪರಿಶೀಲನೆಗಾಗಿ ಉಪಸಮಿತಿಯನ್ನು ನೇಮಿಸಲಾಗಿತ್ತು. ಸದಸ್ಯರ ಎಣಿಕೆಗಳು ತಾಳೆಯಾಗದ ಕಾರಣ ಮಿನುಗುಗಳ ಸಂಖ್ಯೆಯನ್ನು ಬಹುಮತದಿಂದ ನಿರ್ಧರಿಸಲಾಯಿತು. ನಿರ್ಣಯದ ನಂತರವೂ ದೀಪವು ಮೊದಲಿನಂತೆಯೇ ಮಿನುಗಿದ್ದನ್ನು ಅಶಿಸ್ತೆಂದು ದಾಖಲಿಸಲಾಗಿದೆ.

೪. ವಿಚಾರಣೆಯಲ್ಲಿ ಶ್ರೀ ಪ್ರೇಮನಾಥರು, "ಅದಕ್ಕೆ ಮಾತು ಬರುದಿಲ್ಲ ಮಾರಾಯ್ರೆ, ಕಣ್ಣು ಮಿಟುಕಿಸಿ ಹೇಳ್ತದೆ ಪಾಪ" ಎಂದು ಹೇಳಿಕೆ ನೀಡಿದ್ದಾರೆ. ಅಧ್ಯಕ್ಷರ ತಾಯಿ ಶ್ರೀಮತಿ ಗಿರಿಜವ್ವನವರು ಕರೆಯದೆಯೇ ಹಾಜರಾಗಿ, "ನಮ್ಮ ಗಾಡಿ ಕುಂತ್ರೂ ಬೈತೈತಿ, ಇಳದ್ರೂ ಬೈತೈತಿ. ಇದ ಚಲೋ ಐತಿ ತಗೋ" ಎಂದಿದ್ದು, ಇದನ್ನು ಅಧ್ಯಕ್ಷರ ಮನೆಯ ಆಂತರಿಕ ವಿಷಯವೆಂದು ಕಡತದಿಂದ ಕೈಬಿಡಲಾಗಿದೆ.

೫. ಆದುದರಿಂದ ಹಳೆಯ ಕಾರನ್ನು ತಿಂಗಳ ಕೊನೆಯೊಳಗೆ ರಸ್ತೆಯ ಬದಿಗೆ ಸ್ಥಳಾಂತರಿಸುವಂತೆ ಈ ಮೂಲಕ ಸೂಚಿಸಲಾಗಿದೆ.

೬. ಮೇಲ್ಕಂಡ ಆದೇಶಕ್ಕೆ ಸಹಿಯಾಗುವ ಮುನ್ನ, ಇಂದು ಬೆಳಿಗ್ಗೆ, ಗಿರಿಜವ್ವನವರನ್ನು ಪಕ್ಕದ ಕಲ್ಯಾಣ ನಿಲ್ದಾಣದಲ್ಲಿ ಹುಬ್ಬಳ್ಳಿ ರೈಲು ಹತ್ತಿಸಲು ಅಧ್ಯಕ್ಷರು ಹೊಸ ಕಾರಿನಲ್ಲಿ ಕುಳಿತಾಗ, ಅದರ ಪರದೆಯ ಮೇಲೆ "ಕೀಲಿ ಕಾಣುತ್ತಿಲ್ಲ" ಎಂದು ಮೂಡಿತು. ಕೀಲಿ ಅಧ್ಯಕ್ಷರ ಕೈಯಲ್ಲೇ ಇತ್ತು. ಪರದೆಗೆ ಅದನ್ನು ಹತ್ತಿರದಿಂದ ತೋರಿಸಲಾಯಿತು. ತಾಯಿಯವರ ಸಾಕ್ಷ್ಯವನ್ನೂ ಒದಗಿಸಲಾಯಿತು. ಕಂಪ್ಯೂಟರುಗಳಲ್ಲಿ ಒಮ್ಮತ ಮೂಡಲಿಲ್ಲ. ಶ್ರೀ ಪ್ರೇಮನಾಥರು, ಯಾರೂ ಕೇಳದಿದ್ದರೂ, ಹಳೆಯ ಕಾರನ್ನು ತಂದು ನಿಲ್ಲಿಸಿದರು. ರೈಲು ಸಿಕ್ಕಿದೆ.

೭. ಆ ಕಾರಣ ಕಲಂ ೫ಕ್ಕೆ ಕೆಳಕಂಡ ತಿದ್ದುಪಡಿ ಮಾಡಲಾಗಿದೆ: ತೆರವಿನ ಆದೇಶ ಊರ್ಜಿತದಲ್ಲಿರುತ್ತದೆ, ಆದರೆ ಹೊಸ ಕಾರು ಸ್ವಂತ ಬಲದಿಂದ ಛಾವಣಿಯಡಿಗೆ ಬರುವವರೆಗೆ ಹಳೆಯ ಕಾರು ಅಲ್ಲೇ ಇರತಕ್ಕದ್ದು. ತಳ್ಳಿಕೊಂಡು ತಂದುದನ್ನು ಬಂದಂತೆ ಪರಿಗಣಿಸತಕ್ಕದ್ದಲ್ಲ. ಹೊಸ ಕಾರು ಒಮ್ಮೆ ಬಂದರೂ, ಗಿರಿಜವ್ವನವರು ಊರಿನಿಂದ ಮರಳುವ ದಿನ ಹಳೆಯ ಕಾರನ್ನು ಉಳಿಸುವ ಈ ಕಲಂ ತಾನಾಗಿಯೇ ಮತ್ತೆ ಜಾರಿಗೆ ಬರುವುದು.

(ಸಹಿ, ರಸ್ತೆಯ ಗುಂಡಿಗಳಿಂದ ಅಲುಗಿದೆ)
ಮುರುಗೆಪ್ಪ, ಅಧ್ಯಕ್ಷರು
ಸ್ಥಳ: ಶ್ರೀ ಪ್ರೇಮನಾಥರ ಕಾರಿನ ಮುಂದಿನ ಸೀಟು, ಕಲ್ಯಾಣದಿಂದ ಹಿಂತಿರುಗುವ ದಾರಿ

ಪ್ರತಿಗಳು:
ಶ್ರೀ ಪ್ರೇಮನಾಥರಿಗೆ: ಕಾರು ಓಡಿಸುತ್ತಿರುವುದರಿಂದ ಓದಿ ಹೇಳಲಾಗಿದೆ.
ಹೊಸ ಕಾರಿನ ಕಂಪ್ಯೂಟರುಗಳಿಗೆ: ತಲಾ ಒಂದು.
ಹಳೆಯ ಕಾರಿನ ಕಂಪ್ಯೂಟರಿಗೆ: ತಲುಪಿದ ಬಗ್ಗೆ ಕಣ್ಣು ಮಿಟುಕಿಸಿದರೆ ಸಾಕು. ಉಪಸಮಿತಿ ಎಣಿಸುವುದಿಲ್ಲ.